ಗಗನಯೋಧನ ಕಣ್ಣೆದುರಿನ ಗಾಜು

ಕಣ್ಣಿದ್ದ ಮಾತ್ರಕ್ಕೆ ಎಲ್ಲವೂ ಕಾಣುವುದಿಲ್ಲವೆಂಬುದು ನಮ್ಮೆಲ್ಲರ ಅನುಭವ. ಮನಸ್ಸು ಬೇರೆಡೆಯಿದ್ದುದರಿಂದ ದಾರಿಯಲ್ಲಿ ಎದುರಾದ ಬಂಧುಗಳನ್ನೇ ಗುರುತಿಸದೆ ಹೋಗಿ, ಆಮೇಲೆ ಅವರ ಆಕ್ಷೇಪಣೆಗೆ ಗುರಿಯಾದವರು ನಮ್ಮಲ್ಲಿ ಎಷ್ಟೋ ಮಂದಿ. ಈ ಸಾಮಾನ್ಯ ಸಂಗತಿಯೇ ಯುದ್ಧವಿಮಾನಗಳನ್ನು ರೂಪಿಸುವ ವಿಜ್ಞಾನಿಗಳಿಗೆ ದೊಡ್ಡ ಸವಾಲಾಗಿದೆಯೆಂದರೆ ಓದುಗರಿಗೆ ಅಚ್ಚರಿಯಾದೀತು.

ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಹಾರುವ ವಿಮಾನವು ಒಂದು ಸೆಕೆಂಡಿನಲ್ಲಿ 250 ಮೀಟರ್ ಸಾಗುತ್ತದೆ. ವೇಗ, ಎತ್ತರಗಳನ್ನು ತಿಳಿಯಲು ಚಾಲಕನು ಎರಡು ಸೆಕೆಂಡು ತಲೆ ತಗ್ಗಿಸಿ ಮಾಪಕಗಳನ್ನು ನೋಡಿದನೆಂದರೆ, ಅಷ್ಟರಲ್ಲಿ ಅರ್ಧ ಕಿಲೋಮೀಟರ್ ಹಾದಿ ಅವನ ಕಣ್ಣಿಗೆ ಬೀಳದೆ ಕಳೆದುಹೋಗಿರುತ್ತದೆ. ಈ ತೊಂದರೆಯನ್ನು ನೀಗಲು ಹುಟ್ಟಿದ ಸಾಧನವೇ ‘ಹೆಡ್ ಅಪ್ ಡಿಸ್‌ಪ್ಲೇ’. ಅಂದರೆ ತಲೆಯೆತ್ತಿಯೇ ಓದಬಹುದಾದ ಫಲಕ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗುರಿಯಿಡಲು ಬಳಸುತ್ತಿದ್ದ ಗಾಜಿನ ಸಾಧನವೇ ಇದಕ್ಕೆ ಮೂಲ. 1958ರಲ್ಲಿ ಮೊದಲು ಹಾರಿದ ಬ್ರಿಟನ್ನಿನ ಬಕನೀರ್ ವಿಮಾನವು ಇದನ್ನು ಅಳವಡಿಸಿಕೊಂಡ ಮೊದಲ ವಿಮಾನಗಳಲ್ಲೊಂದು.

ಚಾಲಕನ ಮುಂದೆ ಓರೆಯಾಗಿ ನಿಲ್ಲಿಸಿದ ಪಾರದರ್ಶಕ ಗಾಜಿನಲ್ಲಿ ಹಸಿರು ಬೆಳಕಿನ ಅಂಕಿಗಳೂ ಗೆರೆಗಳೂ ಮೂಡುತ್ತವೆ. ಹಸಿರೇ ಏಕೆ? ಹಗಲಿನಲ್ಲಿ ನಮ್ಮ ಕಣ್ಣು ಅತಿ ಸುಲಭವಾಗಿ ಗ್ರಹಿಸುವುದು ಹಸಿರಿನ ಆಸುಪಾಸಿನ ಬೆಳಕನ್ನು. ಮಸೂರಗಳ ನೆರವಿನಿಂದ ಆ ಚಿತ್ರವು ಗಾಜಿನ ಮೇಲಲ್ಲ, ಬಹುದೂರದ ದಿಗಂತದಲ್ಲಿಯೇ ಇರುವಂತೆ ತೋರುತ್ತದೆ. ಆದುದರಿಂದ ಕಣ್ಣು ದೂರಕ್ಕೂ ಸಮೀಪಕ್ಕೂ ಪದೇಪದೇ ಹೊಂದಿಕೊಳ್ಳುವ ಶ್ರಮ ತಪ್ಪುತ್ತದೆ. ಹಲವು ವಿಮಾನಗಳಲ್ಲಿ ದಿಗಂತಕ್ಕಿಂತ ಮೇಲಿನ ಕೋನಗಳಿಗೆ ಅಖಂಡ ಗೆರೆ, ಕೆಳಗಿನವುಗಳಿಗೆ ತುಂಡು ಗೆರೆ. ಮೋಡದೊಳಗೆ ದಿಕ್ಕುಗೆಟ್ಟವನಿಗೂ ತಾನು ಏರುತ್ತಿರುವೆನೋ ಬೀಳುತ್ತಿರುವೆನೋ ಎಂಬುದು ಥಟ್ಟನೆ ತಿಳಿಯಲೆಂದು ಈ ಏರ್ಪಾಡು.

ಇಷ್ಟಾದರೂ ಸಮಸ್ಯೆ ಮುಗಿಯಲಿಲ್ಲ. ಅಮೆರಿಕದ ನಾಸಾ ಸಂಸ್ಥೆಯು 1980ರಲ್ಲಿ ಪ್ರಕಟಿಸಿದ ಅಧ್ಯಯನವೊಂದಕ್ಕಾಗಿ ನುರಿತ ವಿಮಾನಚಾಲಕರನ್ನು ಸಿಮ್ಯುಲೇಟರಿನಲ್ಲಿ ಕೂರಿಸಿ, ವಿಮಾನವನ್ನು ಇಳಿಸುವಂತೆ ಹೇಳಲಾಯಿತು. ಒಮ್ಮೆ ಅನಿರೀಕ್ಷಿತವಾಗಿ ರನ್‌ವೇಯ ಮೇಲೆ ಅಡ್ಡಲಾಗಿ ಇನ್ನೊಂದು ವಿಮಾನವನ್ನು ತೋರಿಸಿದಾಗ, ಈ ಗಾಜಿನ ಮೂಲಕ ಆ ಕಡೆಗೇ ನೋಡುತ್ತಿದ್ದ ಕೆಲವರು ಅದನ್ನು ಕಾಣದೆಯೇ ಇಳಿಯಹೊರಟರು! ದೃಷ್ಟಿ ರನ್‌ವೇಯ ಮೇಲಿತ್ತು. ಚಿತ್ತ ಅಂಕಿಗಳಲ್ಲಿ ಸಿಲುಕಿತ್ತು.

ಆದಕಾರಣ ಗಾಜಿನಲ್ಲಿ ಏನನ್ನು ತೋರಿಸಬೇಕೆಂಬಷ್ಟೇ ಏನನ್ನು ತೋರಿಸಬಾರದೆಂಬುದೂ ಮುಖ್ಯವೆಂದು ವಿನ್ಯಾಸಕಾರರು ಕಂಡುಕೊಂಡರು. ಆ ಕ್ಷಣಕ್ಕೆ ಬೇಡವಾದ ಸಂಕೇತಗಳನ್ನು ಮರೆಮಾಡುವ ಗುಂಡಿ ಬಂದಿತು. ಬಿಸಿಲಿನಲ್ಲಿ ಹೊಳೆಯುವ ಮೋಡದೆದುರೂ ಅಕ್ಷರ ಕಾಣಬೇಕು, ಇರುಳಿನಲ್ಲಿ ಕಣ್ಣು ಕುಕ್ಕಲೂಬಾರದು. ಅದಕ್ಕಾಗಿ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆಯೂ ಬಂದಿತು.

ಈ ವಿದ್ಯೆ ನಮ್ಮ ದೇಶಕ್ಕೂ ಕರಗತವಾಗಿದೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಬಾನಿಗೇರಿ, ಮುಂದೆ ‘ತೇಜಸ್’ ಎಂದು ಹೆಸರಾದ ವಿಮಾನಕ್ಕೆ ಇಂತಹ ಫಲಕವನ್ನು ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣಗಳ ಸಂಸ್ಥೆಯು ರೂಪಿಸಿಕೊಟ್ಟಿತು. ಯಂತ್ರವು ಎಷ್ಟೇ ಜಾಣನಾಗಲಿ, ಅದನ್ನು ನೋಡುವುದು ಮನುಷ್ಯನ ಕಣ್ಣು, ಅರಿಯುವುದು ಅವನ ಮನಸ್ಸು. ಆ ಮನಸ್ಸಿನ ಮಿತಿಯನ್ನರಿತು ಯಂತ್ರವನ್ನು ಕಟ್ಟಿದಾಗಲೇ ಗಡಿ ಕಾಯುವ ಮಗ ಸುಖವಾಗಿ ಮನೆಗೆ ಮರಳುತ್ತಾನೆ.