ನೆಟ್ ಬ್ಯಾಡ, ವೈರ್ ಬೇಕು

"ನೆಟ್ಟೇ ಸರಿಯಾಗಿ ಬರಂಗಿಲ್ಲ, ಮೊಬೈಲಿನಾಗ ಲೈಟ್ ಹ್ಯಾಂಗ ನಡೀತಾವ್ರೀ?" ಆಳಂದ ತಾಲೂಕಿನ ನರೋಣಾದಂಥ ಊರಿನಲ್ಲಿ ಎಲ್‌ಇಡಿ ಪಟ್ಟಿಗೆ ವೈರ್‌ಲೆಸ್ ಕಂಟ್ರೋಲರ್ ಕಟ್ಟುವ ಮಾತೆತ್ತಿದರೆ ಇಂಥ ಪ್ರಶ್ನೆ ಬಂದೇ ಬರುತ್ತದೆ. ವೈಫೈ ಅಂದರೆ ಇಂಟರ್ನೆಟ್ ಎಂಬ ನಂಬಿಕೆ ಇದರ ಬೇರು. ಇಎಸ್‌ಪಿ32 ಎಂಬ ಪುಟ್ಟ ಬೋರ್ಡು ತಾನೇ ಒಂದು ವೈಫೈ ಎಬ್ಬಿಸುತ್ತದೆ; ಫೋನು ನೇರ ಅದಕ್ಕೇ ಸೇರಿಕೊಳ್ಳುತ್ತದೆ. ಡಬ್ಲ್ಯುಎಲ್‌ಇಡಿ ಎಂಬ ಉಚಿತ ತಂತ್ರಾಂಶ ಅದರಲ್ಲಿದ್ದರೆ, ಬ್ರೌಸರಿನಲ್ಲಿ 4.3.2.1 ಎಂದು ಒತ್ತಿದಾಗ ಬಣ್ಣದ ಚಕ್ರ ತೆರೆಯುತ್ತದೆ. ಫೋನು ನಡುವೆ "ಇಂಟರ್ನೆಟ್ ಇಲ್ಲ, ಸಂಪರ್ಕ ಉಳಿಸಬೇಕೇ?" ಎಂದು ಕೇಳುತ್ತದೆ. ಬೇಡವೆಂದು ಒತ್ತಿ, ಕೆಟ್ಟಿತೆಂದು ಹಲವರು ಕೈಬಿಡುವುದು ಅಲ್ಲೇ. ಉಳಿಸು ಅನ್ನಿ, ಸಾಕು. ತಂತ್ರಾಂಶ ಇಳಿಸಿಕೊಳ್ಳಲು ಮಾತ್ರ ಒಮ್ಮೆ ನೆಟ್ ಬೇಕು. ಕಲಬುರಗಿಗೆ ಹೋದಾಗ ಮುಗಿಸಿಕೊಂಡರಾಯಿತು.

ಇಷ್ಟಕ್ಕೆ ಸಿಗ್ನಲ್ಲಿನ ಚಿಂತೆ ಮುಗಿಯಿತು. ತಲೆನೋವೆಲ್ಲ ಕರೆಂಟಿನದು.

"10 ಆಂಪಿನ ಸಪ್ಲೈ ಹಚ್ಚಿದರ ಪಟ್ಟಿ ಸುಡ್ತದ" ಎಂಬ ಮಾತು ಅಂಗಡಿಗಳಲ್ಲೂ ಕೇಳಿಬರುತ್ತದೆ. ಸುಳ್ಳು. ಪಟ್ಟಿ ತನಗೆ ಬೇಕಾದಷ್ಟೇ ಆಂಪ್ ಎಳೆದುಕೊಳ್ಳುತ್ತದೆ, ಹೊಂದಲೇಬೇಕಾದದ್ದು ವೋಲ್ಟು. ತಮಾಷೆಯೆಂದರೆ, ಆಂಪಿಗೆ ಹೆದರುವವರೇ ಕರೆಂಟ್ ಹೋದಾಗಲೂ ಉರಿಯಲಿ ಎಂದು 12 ವೋಲ್ಟಿನ ಪಟ್ಟಿಯನ್ನು ಇನ್ವರ್ಟರ್ ಬ್ಯಾಟರಿಗೆ ನೇರ ಹಚ್ಚಿಬಿಡುತ್ತಾರೆ. ಮೈಮೇಲೆ 12 ಎಂದು ಬರೆದಿದ್ದರೂ ಚಾರ್ಜ್ ಆಗುವಾಗ ಆ ಬ್ಯಾಟರಿ 14.4ರವರೆಗೂ ಏರುತ್ತದೆ. ಪಟ್ಟಿಯೊಳಗೆ ಮೂರು ಮೂರು ಎಲ್‌ಇಡಿ, ಜೊತೆಗೊಂದು ರೆಸಿಸ್ಟರ್ ಸಾಲಾಗಿ ಕೂತಿವೆ. ಬಿಳಿ ಎಲ್‌ಇಡಿಗಳು ತಲಾ 3ರಂತೆ ಸುಮಾರು 9 ವೋಲ್ಟ್ ತಿಂದರೆ ರೆಸಿಸ್ಟರಿಗೆ ಉಳಿಯುವುದು 3. ಬ್ಯಾಟರಿ 14.4ಕ್ಕೆ ಏರಿದಾಗ ಉಳಿಯುವುದು 5.4. ವೋಲ್ಟು ಐದನೇ ಒಂದು ಪಾಲು ಹೆಚ್ಚಾದರೆ ಕರೆಂಟು ಹತ್ತಿರ ಹತ್ತಿರ ದುಪ್ಪಟ್ಟು! 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ, ಪಿಓಪಿ ಸೀಲಿಂಗಿನ ಸಂದಿಯಲ್ಲಿ, ಆ ಪಟ್ಟಿ ಎಷ್ಟು ದಿನ ಬಾಳೀತು? ನಡುವೆ 12 ವೋಲ್ಟನ್ನೇ ಕಾಯ್ದುಕೊಡುವ ಬಕ್-ಬೂಸ್ಟ್ ಕನ್ವರ್ಟರ್ ಇರಬೇಕು, ಬ್ಯಾಟರಿಯ ಬುಡದಲ್ಲೇ ಒಂದು ಫ್ಯೂಸೂ.

ಬೆಳಕು ತಗ್ಗಿಸಲು ಕಂಟ್ರೋಲರ್ ವೋಲ್ಟು ಇಳಿಸುತ್ತದೆ ಎಂಬುದೂ ತಪ್ಪೇ. ಅದು ಸೆಕೆಂಡಿಗೆ ಸಾವಿರಾರು ಸಲ ಆರಿಸಿ ಹಚ್ಚುತ್ತದೆ. ಈ ಕೆಲಸ ಎಲೆಕ್ಟ್ರಾನಿಕ್ ಸ್ವಿಚ್ಚಾದ ಮಾಸ್ಫೆಟ್‌ನದು. ಹಳೆಯ ಬೋರ್ಡಿನಿಂದ ಕಿತ್ತ ಐಆರ್‌ಎಫ್540 ಆಗುವುದಿಲ್ಲ. ಪೂರ್ತಿ ತೆರೆಯಲು ಅದು ಗೇಟ್ ಎಂಬ ಕಾಲಿಗೆ 10 ವೋಲ್ಟ್ ಕೇಳುತ್ತದೆ, ಇಎಸ್‌ಪಿ32 ಕೊಡುವುದು 3.3. ಅರೆಬರೆ ತೆರೆದು ಬಿಸಿಯಾಗುತ್ತದೆ. 3.3ಕ್ಕೇ ತೆರೆಯುವ ಲಾಜಿಕ್ ಲೆವೆಲ್ ಜಾತಿಯದನ್ನೇ ಕೇಳಿ ತನ್ನಿ.

ಒಂದೊಂದು ಎಲ್‌ಇಡಿಯೂ ಬೇರೆ ಬೇರೆ ಬಣ್ಣ ತೋರುವ 5 ವೋಲ್ಟಿನ ಡಬ್ಲ್ಯೂಎಸ್2812ಬಿ ಪಟ್ಟಿಗೆ ಮಾಸ್ಫೆಟ್ ಬೇಡ. ಅಲ್ಲಿನ ಭ್ರಮೆ, ಮೊಬೈಲ್ ಚಾರ್ಜರ್ ಸಾಕೆಂಬುದು. ಮೀಟರಿಗೆ 60ರಂತೆ 5 ಮೀಟರಿಗೆ 300 ಎಲ್‌ಇಡಿ. ಪೂರ್ತಿ ಬಿಳಿಗೆ ತಲಾ 60 ಮಿಲಿಆಂಪ್ ಹಿಡಿದರೆ 18 ಆಂಪ್. 2 ಆಂಪಿನ ಚಾರ್ಜರ್ ಎಲ್ಲಿಗೆ ಸಾಕು? ದೊಡ್ಡ ಸಪ್ಲೈ ತಂದರೂ ಒಂದೇ ತುದಿಯಿಂದ ಕೊಟ್ಟರೆ ಆಚೆ ತುದಿಯ ಬಿಳಿ ಕೆಂಪಿಗೆ ತಿರುಗುತ್ತದೆ. ಎಲ್‌ಇಡಿ ಕೆಟ್ಟಿತೆಂದು ಪಟ್ಟಿಯನ್ನೇ ಬದಲಿಸುವವರಿದ್ದಾರೆ. ಏನೂ ಕೆಟ್ಟಿಲ್ಲ. ಪಟ್ಟಿಯ ತೆಳು ತಾಮ್ರದಲ್ಲಿ ದಾರಿಯುದ್ದಕ್ಕೂ ವೋಲ್ಟು ಕಳೆದಿದೆ. ಸುಮಾರು 2 ವೋಲ್ಟಿಗೇ ಉರಿಯುವ ಕೆಂಪು ಉಳಿದುಕೊಂಡಿದೆ, 3ರ ಆಸುಪಾಸು ಬೇಕಾದ ಹಸಿರು-ನೀಲಿ ಸೋತಿವೆ. ಎರಡೂ ತುದಿಗೆ ದಪ್ಪ ವೈರಿನಿಂದ ಕರೆಂಟು ಕೊಟ್ಟು, ಕಂಟ್ರೋಲರಿನ ಗ್ರೌಂಡನ್ನೂ ಸಪ್ಲೈಯ ಗ್ರೌಂಡಿಗೇ ಸೇರಿಸಿ ನೋಡಿ. ಸಪ್ಲೈ ಸಣ್ಣದಿದ್ದರೆ ಡಬ್ಲ್ಯುಎಲ್‌ಇಡಿಯಲ್ಲೇ ಮಿಲಿಆಂಪಿನ ಮಿತಿ ಬರೆದಿಡಬಹುದು. ಆ ಮಿತಿ ಮೀರುವ ಮೊದಲೇ ಅದು ಬೆಳಕನ್ನು ತಾನಾಗಿ ತಗ್ಗಿಸುತ್ತದೆ.