ಕೆಂಡದ ಮೇಲಿನ ಮಟನ್-ಆಲೂಗಡ್ಡೆ ಸಾರು

ಗುಂಡ್ಲುಪೇಟೆ ಕಡೆ ಚಳಿಗಾಲದ ಬೆಳಗ್ಗೆ ಗೋಪಾಲಸ್ವಾಮಿ ಬೆಟ್ಟ ಮಂಜಲ್ಲಿ ಮುಚ್ಚಿಹೋಗಿರುತ್ತೆ. ಅಂಥ ದಿನಕ್ಕೆ ಕುಕ್ಕರ್ ಬೇಡ. ಅಟ್ಟದಿಂದ ಮಣ್ಣಿನ ಮಡಕೆ ಇಳಿಸಿ.

500 ಗ್ರಾಂ ಮಟನ್, ಮೂಳೆ ಇರೋದೇ ಬೇಕು. ಎಣ್ಣೇಲಿ ಈರುಳ್ಳಿ ಬಾಡಿಸಿ, ಮಾಂಸ, ಉಪ್ಪು, ನಮ್ಮ ಚಾಮರಾಜನಗರದ ಹೊಲದ ಅರಿಶಿನ ಹಾಕಿ ಹುರೀರಿ. ಬಿಸಿನೀರು ಸುರಿದು ಮುಚ್ಚಿ. ಸೌದೆ ಒಲೆಯಾದರೆ ಉರಿ ಎಳೆದು ಕೆಂಡ ಮಾತ್ರ ಬಿಡಿ. ಗ್ಯಾಸ್ ಆದರೆ ತೀರಾ ಸಣ್ಣ ಉರಿ. ಸಾರು ಕೊತಕೊತ ಕುದೀಬಾರದು, ಮೆಲ್ಲಗೆ ಗುಳುಗುಳು ಅನ್ನಬೇಕು. 90 ನಿಮಿಷ ಹಾಗೇ ಬಿಡಿ. ಮೂಳೆ ಸುತ್ತಲಿನ ಗಟ್ಟಿ ನಾರು ಜೆಲಾಟಿನ್ ಆಗಿ ಕರಗೋದು ಈ ನಿಧಾನದಲ್ಲೇ. ಸಾರು ತುಟಿಗೆ ಅಂಟೋದು ಅದರಿಂದ.

ಈಗ ಖಾರ. ಹುರಿದ ಧನಿಯ, ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಬೆಳ್ಳುಳ್ಳಿ, ತೆಂಗಿನಕಾಯಿ ನುಣ್ಣಗೆ ರುಬ್ಬಿ ಹಾಕಿ. ಜೊತೆಗೇ 2 ಆಲೂಗಡ್ಡೆ, ದಪ್ಪ ಹೋಳು. ಮೊದಲೇ ಹಾಕಿದ್ದರೆ ಕರಗಿಹೋಗ್ತಿತ್ತು. ಟೊಮೇಟೊ ಮಾತ್ರ ಕೊನೇಲಿ: ಹುಳಿ ಮೊದಲು ಬಿದ್ದರೆ ಆಲೂಗಡ್ಡೆ ಬೇಯೋಕೆ ಸತಾಯಿಸುತ್ತೆ.

ಇನ್ನು 30 ನಿಮಿಷ. ಅಷ್ಟರಲ್ಲಿ ಪಕ್ಕದ ಒಲೇಲಿ ರಾಗಿಮುದ್ದೆ ತಿರುವಿ. ಬಿಸಿ ಮುದ್ದೆಗೆ ಗುಳಿ ಮಾಡಿ ಸಾರು ಬಿಟ್ಟು, ಒಂದು ಹೋಳು ಆಲೂಗಡ್ಡೆ ಅದರಲ್ಲೇ ಕಿವುಚಿಕೊಳ್ಳಿ.