ಮಾತು ನಿಂತ ಮೇಲೂ ವಿಮರ್ಶೆ

ಪ್ರಶ್ನೆ: ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ ಮಾತು ಕಳೆದುಕೊಂಡ ಮೇಲೂ ವಿಮರ್ಶೆ ಬರೆಯುತ್ತಿದ್ದರಂತೆ, ನಿಜವೇ?

ಉತ್ತರ: ನಿಜ. 1967ರಿಂದ ‘ಶಿಕಾಗೊ ಸನ್-ಟೈಮ್ಸ್’ ಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುತ್ತಿದ್ದ, 1975ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಈಬರ್ಟ್ ಅವರಿಗೆ 2006ರ ಜೂನ್‌ನಲ್ಲಿ ಕ್ಯಾನ್ಸರ್‌ಗಾಗಿ ದವಡೆಯ ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಹೊರಡುವ ಹೊತ್ತಿಗೆ ಕತ್ತಿನ ರಕ್ತನಾಳ ಒಡೆಯಿತು. ಗಾಯಕ ಲಿಯೊನಾರ್ಡ್ ಕೊಹೆನ್ ಅವರ ಹಾಡೊಂದನ್ನು ಕೇಳುತ್ತ ಇನ್ನೂ ಆಸ್ಪತ್ರೆಯಲ್ಲೇ ಇದ್ದುದರಿಂದ ಜೀವ ಉಳಿಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಆದರೆ ಮಾತು ಹೋಯಿತು, ಬಾಯಲ್ಲಿ ಉಣ್ಣುವುದೂ ಹೋಯಿತು. ಆಹಾರ ಕೊಳವೆಯ ಮೂಲಕ ನೇರ ಹೊಟ್ಟೆಗೆ.

ಅಂಥ ಸ್ಥಿತಿಯಲ್ಲೇ ಅಕ್ಟೋಬರ್‌ನಲ್ಲಿ ‘ದಿ ಕ್ವೀನ್’ ಚಿತ್ರದ ವಿಮರ್ಶೆ ಬರೆದರು! 2007ರ ಏಪ್ರಿಲ್‌ನಲ್ಲಿ ಕತ್ತಿಗೆ ಬ್ಯಾಂಡೇಜ್ ಸುತ್ತಿಕೊಂಡೇ ತಮ್ಮ ಚಿತ್ರೋತ್ಸವಕ್ಕೆ ಬಂದರು. ಅವರ ಮಾತನ್ನು ಪತ್ನಿ ಚಾಝ್ ಆಡಿದರು. ಮುಖ ಮರೆಸಿಕೊಳ್ಳದ ಆ ಧೈರ್ಯ ನನಗೆ ಅವರ ಯಾವ ವಿಮರ್ಶೆಗಿಂತಲೂ ದೊಡ್ಡದು. ಮುಂದೆ ಕಂಪ್ಯೂಟರಿನ ದನಿಯಲ್ಲಿ ಮಾತಾಡಿದರು. ಬರವಣಿಗೆಯಂತೂ ಬತ್ತಲೇ ಇಲ್ಲ: 2012ರಲ್ಲಿ ಅವರು ಬರೆದ ವಿಮರ್ಶೆಗಳು 306, ಅವರ ವೃತ್ತಿಜೀವನದ ಯಾವ ವರ್ಷಕ್ಕಿಂತಲೂ ಹೆಚ್ಚು. 2013ರ ಏಪ್ರಿಲ್ 4ರಂದು ತೀರಿಕೊಂಡರು.